ಮುಂಬಾಗಿಲಿನ ಅತಿಥಿ

ಬಾಸ್‌ಟೇರ್, ಸೇಂಟ್ ಕಿಟ್ಸ್
ಫೆಬ್ರವರಿ 9, 1997

ಅಕ್ಕ ಡ್ರುಸಿಲಾ,

ದಾರಿ ಬಿಡಿ! ದಾರಿ ಬಿಡಿ! ಕಡಲಿನಾಚೆಯಿಂದ ಬರುತ್ತಿದ್ದಾಳೆ ಇಸ್ಮೇ ಮಹಾರಾಣಿ! ತಲೆಯ ಮೇಲೆ ಕಿರೀಟವಿಲ್ಲ, ಮಂಡಿಯಲ್ಲಿ ಎಣ್ಣೆಯಿಲ್ಲ, ಆದರೂ ಬರುತ್ತಿದ್ದಾಳೆ!

ಕ್ರಿಸ್‌ಮಸ್ ಬೀದಿಯಾಟದಲ್ಲಿ ಅಪ್ಪ ರಾಜನ ವೇಷ ಕಟ್ಟಿ ಹೀಗೇ ಅಬ್ಬರಿಸುತ್ತ ಬರುತ್ತಿದ್ದನಲ್ಲ, ನವಿಲುಗರಿ ಸಿಕ್ಕಿಸಿಕೊಂಡು, ಮರದ ಕತ್ತಿ ಬೀಸಿಕೊಂಡು. ಅವನ ಗಂಟಲು ನನಗೆ ಬಂತು, ಅಮ್ಮನ ಮೌನ ನಿನಗೆ ಹೋಯಿತು. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವತ್ತಿನಿಂದ ನಮ್ಮಿಬ್ಬರ ನಡುವೆ ಓಡಾಡಿದ್ದು ಕ್ರಿಸ್‌ಮಸ್ ಕಾರ್ಡು ಮಾತ್ರ. ನಿನ್ನ ಕಾರ್ಡಿನಲ್ಲಿ ನಿನ್ನ ಹೆಸರು ಬಿಟ್ಟರೆ ಒಂದಕ್ಷರ ಇರುವುದಿಲ್ಲ. ನನ್ನದರಲ್ಲೂ ಇರುವುದಿಲ್ಲ, ಆದರೆ ನನ್ನ ಅಕ್ಷರ ದೊಡ್ಡದು.

ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ನಮ್ಮ ಹೋಟೆಲಿಗೆ ಬಣ್ಣ ಬಳಿಯುತ್ತಾರೆ. ಕೋಣೆ ಗುಡಿಸುವವರಿಗೆಲ್ಲ ಒಂದು ವಾರ ರಜೆಯಂತೆ. ನಾನು ದಿನಾ ಸಂಜೆ ಅತಿಥಿಗಳ ದಿಂಬಿನ ಮೇಲೆ ಒಂದು ಬಣ್ಣದ ಕಾಗದ ಇಡುತ್ತೇನೆ. ‘ಒಂದೇ ರಜೆ, ಎರಡು ದ್ವೀಪ’ ಎಂದು ಅದರ ಮೇಲೆ ಬರೆದಿದೆ. ಅರ್ಧ ವಾರ ಇಲ್ಲಿ ಸೇಂಟ್ ಕಿಟ್ಸ್‌ನಲ್ಲಿ ಮರಳಿನ ಮೇಲೆ ಬಿದ್ದುಕೊಳ್ಳಿ, ಇನ್ನರ್ಧ ವಾರ ಲಾಂಚು ಹತ್ತಿ ನೀವಿಸ್‌ಗೆ ಹೋಗಿ ಅಲ್ಲೂ ಬಿದ್ದುಕೊಳ್ಳಿ ಅಂತ. ಆ ಕಾಗದ ಇಟ್ಟು ಇಟ್ಟು ನನ್ನ ಬೆರಳು ಸವೆದಿದೆ ಅಕ್ಕ. ಎರಡೂ ದ್ವೀಪದಲ್ಲಿ ಬದುಕಿದವಳು ನಾನು. ಎಲ್ಲಿಯೂ ಬಿದ್ದುಕೊಂಡವಳಲ್ಲ.

ಅಮ್ಮನ ಮನೆಯಲ್ಲಿ ನೀನು ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟಿದ್ದೀಯೆಂದು ಲಾಂಚಿನ ಕಟ್ಟೆಯ ಮೇಲಿನ ಬೋರ್ಡು ನೋಡಿ ತಿಳಿಯಿತು. ಅಲ್ಲಿಗೆ ಬರುತ್ತೇನೆ, ಮೇ ಹತ್ತಕ್ಕೆ. ಆದರೆ ಒಂದು ಮಾತು. ತಂಗಿಯಾಗಿ ಬರುವುದಿಲ್ಲ, ಅತಿಥಿಯಾಗಿ ಬರುತ್ತೇನೆ. ಮುಂದಿನ ಮೆಟ್ಟಿಲು ಹತ್ತಿ, ಜಗಲಿಯ ಕುರ್ಚಿಯಲ್ಲಿ ಕೂರುತ್ತೇನೆ. ನೀನು ಚಹಾ ತಂದುಕೊಡಬೇಕು. ದೀವಿಹಲಸು ಸುಲಿ, ಮೀನು ತೊಳೆ ಅನ್ನಬಾರದು. ಬಿಳಿಯರು ಕೊಡುವಷ್ಟೇ ಬಾಡಿಗೆ ಕೊಡುತ್ತೇನೆ.

ಸುಸ್ತಾಗಿದೆ ಅಕ್ಕ. ಬೇರೇನಿಲ್ಲ.

ಇಸ್ಮೇ


ಜಿಂಜರ್‌ಲ್ಯಾಂಡ್, ನೀವಿಸ್
ಫೆಬ್ರವರಿ 20, 1997

ಮಾನ್ಯ ಶ್ರೀಮತಿ ಇಸ್ಮೇ ಲಿಬರ್ಡ್ ಅವರಿಗೆ,

ತಮ್ಮ ಪತ್ರ ತಲುಪಿತು. ತಾವು ಕೇಳಿದ ವಾರ ಕೋಣೆ ಖಾಲಿಯಿದೆ. ಬೆಳಿಗ್ಗೆ ಉಪ್ಪುಮೀನು, ಕರಿದ ರೊಟ್ಟಿ. ಶನಿವಾರ ಮಾತ್ರ ಆಡಿನ ಸಾರು. ಬಿಸಿನೀರು ಕೇಳಿದರೆ ಕಾಯಿಸಿಕೊಡಲಾಗುತ್ತದೆ. ಮಾವಿನಮರದ ಕೋತಿಗಳಿಗೆ ಅತಿಥಿಗಳು ತಿಂಡಿ ಹಾಕಬಾರದು, ಹಾಕಿದರೆ ಅವು ಹೋಗುವುದಿಲ್ಲ. ಭಾನುವಾರ ಜೋರಾಗಿ ಮಾತಾಡಬಾರದು.

ತಮ್ಮ ವಿಧೇಯ,
ಮಿಸ್ ಡಿ. ಹ್ಯಾನ್ಲಿ, ಮಾಲಕಿ

ಮರೆತಿದ್ದೆ. ಈ ಮನೆಯ ಮುಂದಿನ ಮೆಟ್ಟಿಲು ಹತ್ತುವವರು ಪಾದ್ರಿ, ವೋಟು ಕೇಳುವವರು, ಬೋರ್ಡು ನೋಡಿ ಬರುವ ಪರದೇಶದವರು. ಆ ಮೆಟ್ಟಿಲು ಇಳಿದು ಹೋಗುವುದು ಹೆಣ. ಮನೆಯವರು ಹಿತ್ತಲಿಂದ ಬರುತ್ತಾರೆ. ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ಇದರಲ್ಲಿ ನೀನು ಯಾರು?


ಬಾಸ್‌ಟೇರ್
ಮಾರ್ಚ್ 2, 1997

ಅಕ್ಕ,

ಅಬ್ಬಬ್ಬಾ! ‘ತಮ್ಮ ವಿಧೇಯ’! ಓದಿ ನಗಬೇಕೋ ಅಳಬೇಕೋ ತಿಳಿಯದೆ ಇಲ್ಲಿಯ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ಪಕ್ಕದ ಮನೆಯವಳು ಗೋಡೆ ಬಡಿದು ‘ಏನಾಯ್ತು ಇಸ್ಮೇಯಮ್ಮ, ಹಲ್ಲಿ ಬಿತ್ತಾ ಮೈಮೇಲೆ?’ ಅಂದಳು. ‘ಇಲ್ಲಮ್ಮ, ನನ್ನ ಅಕ್ಕ ಬಿದ್ದಳು’ ಅಂದೆ.

ನಾನು ಯಾರು ಅಂತ ಕೇಳಿದ್ದೀಯ. ಕೇಳು, ಹೇಳುತ್ತೇನೆ. ಗಂಡ ಸತ್ತ ವರ್ಷ ಈ ಹೋಟೆಲಿಗೆ ಸೇರಿದೆ. ಇದಕ್ಕೂ ಒಂದು ಮುಂಬಾಗಿಲಿದೆ. ಗಾಜಿನದು, ತಾನೇ ತೆರೆದುಕೊಳ್ಳುತ್ತದೆ. ನಾನು ಅದನ್ನು ಎರಡೂ ಕಡೆಯಿಂದ ಒರೆಸಿದ್ದೇನೆ, ಅದರೊಳಗೆ ನಡೆದು ಬಂದಿಲ್ಲ. ನಾವು ಕಸದ ಡಬ್ಬಗಳ ಪಕ್ಕದಿಂದ, ಅಡುಗೆಮನೆಯ ಹೊಗೆಯೊಳಗಿಂದ ಬರಬೇಕು. ಅದಕ್ಕಿಂತ ಮುಂಚೆ ಕಬ್ಬಿನ ತೋಟದ ದೊಡ್ಡಮನೆಯಲ್ಲಿ ಬಟ್ಟೆ ಒಗೆದೆನಲ್ಲ, ಅಲ್ಲೂ ಹಿತ್ತಲು. ನನ್ನ ಬದುಕೆಲ್ಲ ಹಿತ್ತಲ ಬಾಗಿಲೇ ಅಕ್ಕ. ಹಿತ್ತಲ ಬಾಗಿಲು ಅಂದರೆ ಅಡುಗೆಮನೆ, ಅಡುಗೆಮನೆ ಅಂದರೆ ಕೈಗೊಂದು ಚಾಕು. ಅಮ್ಮನ ಮನೆಗೆ ಹಿಂದಿನಿಂದ ಕಾಲಿಟ್ಟರೆ ನನ್ನ ಕೈ ಯಾರೂ ಹೇಳದೆಯೇ ಚಾಕು ಹುಡುಕುತ್ತದೆ. ನೀನು ‘ಕೂತ್ಕೋ’ ಅಂದರೂ ಕೂರಲಾರೆ. ಅದು ಮೈಗೆ ಹತ್ತಿದ ರೋಗ.

ಇನ್ನೊಂದು ಹೇಳಲಾ? ನನ್ನ ಕೆಲಸವೇನು ಅಂದರೆ, ಈ ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ ಅಂತ ತೋರಿಸುವುದು. ಬೆಳಿಗ್ಗೆ ಹೋಗಿ ನೋಡಿದರೆ ಹಾಸಿನ ಮೇಲೆ ಇಡೀ ಮನುಷ್ಯನೇ ಇರುತ್ತಾನೆ. ತಲೆ ಇಟ್ಟ ಗುಳಿ, ಮಂಡಿ ಮಡಚಿದ ಸುಕ್ಕು. ನಾನು ಎಳೆದು, ತಟ್ಟಿ, ಮಡಚಿ ಅವನನ್ನು ಇಲ್ಲವಾಗಿಸುತ್ತೇನೆ. ಮನೆಯಲ್ಲೂ ಹಾಗೇ ಆಗಿದೆ. ಬೆಳಕು ಹರಿಯುವ ಮೊದಲೇ ನನ್ನ ಹಾಸಿಗೆ ನುಣ್ಣಗೆ. ಕೆಲವು ದಿನ ರಾತ್ರಿ ನಾನು ಮಲಗಿದ್ದೆನೋ ಇಲ್ಲವೋ ಅಂತ ನನಗೇ ಅನುಮಾನ.

ಅದಕ್ಕೇ ಕೇಳಿದ್ದು ಮುಂದಿನ ಮೆಟ್ಟಿಲು. ಒಂದು ವಾರ. ಅಷ್ಟನ್ನೂ ಕೊಡಲಾರೆಯಾ?

ಇಸ್ಮೇ


ಜಿಂಜರ್‌ಲ್ಯಾಂಡ್
ಮಾರ್ಚ್ 16, 1997

ಇಸ್ಮೇ,

ನಿನ್ನ ಕಾಗದದ ಸದ್ದಿಗೆ ನನ್ನ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ. ಸ್ವಲ್ಪ ಮೆಲ್ಲಗೆ ಬರೆ.

ಸುಸ್ತು ನಿನ್ನೊಬ್ಬಳಿಗೇ ಗುತ್ತಿಗೆಗೆ ಬಂದಿಲ್ಲ. ತೊಂಬತ್ತೈದರ ಬಿರುಗಾಳಿಯಲ್ಲಿ ಸೂರು ಹಾರಿದಾಗ ತಗಡು ಹೊತ್ತು ತಂದವಳು ನಾನು. ಅಮ್ಮನನ್ನು ಕೊನೆಯ ಮೂರು ವರ್ಷ ಎತ್ತಿ ಕೂರಿಸಿದವಳೂ ನಾನೇ. ಆ ಲೆಕ್ಕ ಬೇಡ, ಬಿಡು.

ನೀನು ಮುಂಬಾಗಿಲಿಂದ ಬರುವುದು ಇದೇ ಮೊದಲಲ್ಲ. ಅಮ್ಮನ ಮಣ್ಣಿನ ದಿನ ಹಾಗೇ ಬಂದೆ. ಹೋಟೆಲಿನ ಸಮವಸ್ತ್ರದಲ್ಲಿ ಮೆಟ್ಟಿಲು ಹತ್ತಿ, ಪಾದ್ರಿಯ ಪಕ್ಕ, ಹೊರಗಿನವರ ಸಾಲಿನಲ್ಲಿ ನಿಂತೆ. ಬೆಳಗಿನಿಂದ ಹಿತ್ತಲಲ್ಲಿ ಹೆಂಗಸರೆಲ್ಲ ಸೇರಿ ಹಂಡೆಯಲ್ಲಿ ಆಡಿನ ಸಾರು ಕುದಿಸಿದ್ದರು. ಅಮ್ಮನ ಏಪ್ರನ್ ತೆಗೆದು ನಿನಗೆ ಅಂತ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಹೂತು ಬಂದ ಮೇಲಾದರೂ ಬರುತ್ತೀಯೆಂದು ನೋಡಿದೆ. ನೀನು ಸಂಜೆಯ ಲಾಂಚಿಗೆ ಹೊರಟುಹೋದೆ.

ಆ ಏಪ್ರನ್ ಇನ್ನೂ ಅಲ್ಲೇ ಇದೆ. ನೀನು ಮತ್ತೊಮ್ಮೆ ಮುಂದಿನಿಂದ ಬಂದರೆ ಇಲ್ಲಿ ಯಾರೂ ಅದನ್ನು ರಜೆ ಅನ್ನುವುದಿಲ್ಲ. ಹ್ಯಾನ್ಲಿ ಮನೆಯ ಹುಡುಗಿಯರು ನಂಟು ಹರಿದುಕೊಂಡರು ಅನ್ನುತ್ತಾರೆ. ಬಡಗಿ ಜೋಸಾಯನ ಹೆಂಡತಿ ಈಗಾಗಲೇ ಬೇಲಿಯ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು: ‘ಡ್ರುಸಿಲಕ್ಕ, ನಿಮ್ಮ ತಂಗಿ ರೂಮು ಬುಕ್ ಮಾಡಿದ್ದಾಳಂತೆ? ಬೆಳಗಿನ ತಿಂಡಿಯೂ ಸೇರಿತಾ?’

ಹಿತ್ತಲಿಂದ ಬರುವುದಾದರೆ ಬಾ. ಬಾಡಿಗೆ ಮಾತೆತ್ತಿದರೆ ಬರಲೇಬೇಡ.

ಡ್ರುಸಿಲಾ


ಬಾಸ್‌ಟೇರ್
ಏಪ್ರಿಲ್ 20, 1997

ಅಕ್ಕ,

ಐದು ವಾರ ಬರೆಯಲಿಲ್ಲ. ಸಿಟ್ಟಿತ್ತು. ಈಗ ಅದೂ ಇಲ್ಲ.

ಈಸ್ಟರ್ ವಾರ ಹೋಟೆಲು ತುಂಬಿ ತುಳುಕಿತ್ತು. ನಾಲ್ಕನೇ ಮಹಡಿಯ ಒಂದು ಕೋಣೆಯಲ್ಲಿ ಹಾಸಿಗೆ ಹಾಸಿ ಮುಗಿಸಿದೆ. ಬೆನ್ನು ನೆಟ್ಟಗಾಗಲಿ ಅಂತ ಅಂಚಿನಲ್ಲಿ ಕೂತೆ. ಕೂತಿದ್ದು ನೆನಪಿದೆ. ಕಿಟಕಿಯಿಂದ ನೀವಿಸ್ ಕಾಣುತ್ತಿತ್ತು, ಬೆಟ್ಟದ ತಲೆಯ ಮೇಲೆ ಅದೇ ಮೋಡ. ಆಮೇಲೆ ಯಾರೋ ಕಿರುಚಿದ್ದು ಕೇಳಿಸಿತು. ಕಣ್ಣು ಬಿಟ್ಟರೆ ಆ ಕೋಣೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ, ಹಾಸಿಗೆಯಲ್ಲಿ ಹೆಣ ಕಂಡವಳ ಹಾಗೆ. ನಾನು ಚಪ್ಪಲಿ ಬಿಟ್ಟು, ದಿಂಬಿನ ಮೇಲೆ ತಲೆಯಿಟ್ಟು, ಪೂರಾ ಮಲಗಿಬಿಟ್ಟಿದ್ದೆ. ಅವಳ ರಜೆಯ ಹಾಸಿಗೆಯಲ್ಲಿ.

ಕೆಲಸದಿಂದ ತೆಗೆಯಲಿಲ್ಲ. ಕೆಳಗೆ ಬಟ್ಟೆ ಒಗೆಯುವ ಕಡೆ ಹಾಕಿದರು. ಹಿತ್ತಲಿಗೂ ಒಂದು ಹಿತ್ತಲಿದೆ ಅಂತ ಈಗ ತಿಳಿಯಿತು. ಅಲ್ಲಿ ಕಿಟಕಿ ಇಲ್ಲ. ಬಣ್ಣ ಬಳಿಯುವ ವಾರ ಇಡೀ ಹೋಟೆಲಿನ ಪರದೆಗಳನ್ನು ಒಗೆಯಬೇಕಂತೆ, ಅದಕ್ಕೆ ನಮಗೆ ರಜೆಯಿಲ್ಲ. ಮುನ್ನೂರು ಕಿಟಕಿಯ ಪರದೆ! ಅಪ್ಪನ ಆಟದಲ್ಲಿ ಪರದೆಯೇ ಇರಲಿಲ್ಲ, ನೆನಪಿದೆಯಾ? ಬೀದಿಗೆಲ್ಲಿಯ ಪರದೆ? ಅವನಿಗೆ ಸಿಗದಿದ್ದದ್ದೆಲ್ಲ ನನ್ನ ಪಾಲಿಗೆ ಬಂದಿದೆ, ಕೊಳೆಯಾಗಿ.

ಆದ್ದರಿಂದ ಬರುವುದಿಲ್ಲ. ಹಿಂದಿನಿಂದಲೂ ಇಲ್ಲ, ಮುಂದಿನಿಂದಲೂ ಇಲ್ಲ. ಆ ಕೋಣೆಯನ್ನು ಬೇರೆಯವರಿಗೆ ಕೊಡು. ಆಟ ಮುಗಿಯಿತು.

ಇಸ್ಮೇ


ಜಿಂಜರ್‌ಲ್ಯಾಂಡ್
ಏಪ್ರಿಲ್ 27, 1997

ಇಸ್ಮೇ,

ನಿನ್ನ ಕಾಗದವನ್ನು ಎರಡು ದಿನ ದಿಂಬಿನಡಿ ಇಟ್ಟುಕೊಂಡೆ. ಮೂರನೆಯ ದಿನ ಜೋಸಾಯನನ್ನು ಕರೆಸಿ, ‘ಹಿತ್ತಲ ಬಾಗಿಲಿಗೆ ಹಲಗೆ ಬಡಿ, ಪೂರ್ತಿ ಮುಚ್ಚಬೇಕು’ ಅಂದೆ. ಅವನ ಬಾಯಲ್ಲಿದ್ದ ಮೊಳೆ ಕೆಳಗೆ ಬಿತ್ತು.

‘ಅಯ್ಯೋ! ಯಾರು ಹೋದ್ರು ಮಿಸ್ ಹ್ಯಾನ್ಲಿ?’

‘ಯಾರೂ ಹೋಗಿಲ್ಲ ಕಣೋ.’

‘ಹೆಣ ಇಲ್ದೆ ಹಿತ್ತಲು ಮುಚ್ಚೋದಾ? ನಾನಂತೂ ಮುಚ್ಚಲ್ಲ. ಅದು ಹೆಣ ಎತ್ತೋ ಹೊತ್ನಲ್ಲಿ ಮಾಡೋ ಕೆಲ್ಸ. ಒಂದ್ಸಲ ಅಗುಳಿ ಹಾಕಿದ್ರೆ, ಹೆಣ ಮುಂದಿನ ಮೆಟ್ಲು ಇಳಿಯೋ ತನಕ ದೇವ್ರೇ ಬಂದು ಬಡಿದ್ರೂ ತೆಗೀಬಾರ್ದು. ನಿಮಗೆ ನಾನು ಹೇಳಿಕೊಡ್ಬೇಕಾ? ನಿಮ್ಮ ಅಮ್ಮನ ದಿನ ಇದೇ ಬಾಗ್ಲು ಹಾಕ್ದೋನು ನಾನೇ ಅಲ್ವಾ? ಪಾಪ, ಇಸ್ಮೇ ಬಂದು ಎಷ್ಟು ಬಡಿದ್ಳು.’

‘ಯಾರು ಬಡಿದದ್ದು?’

‘ಇಸ್ಮೇ. ಲಾಂಚಿಂದ ಓಡಿ ಬಂದಿದ್ಳು. ಅಗುಳಿ ಹಾಕಿ ಒಂದು ಗಳಿಗೆ ಆಗಿರ್ಲಿಲ್ಲ. ಅಕ್ಕ, ಅಕ್ಕ, ನಾನು ಕಣೇ ಅಂತಿದ್ಳು. ನೀವೂ ಹಿತ್ತಲ ಹೆಂಗಸ್ರೂ ಒಳಗೆ ಪೆಟ್ಟಿಗೆ ಹತ್ರ ನಿಂತು ಹಾಡ್ತಾ ಇದ್ರಿ. ನಾನು ಸಂದಿಯಿಂದ, ಸುತ್ತಿ ಹೋಗಮ್ಮ, ಈಗ ತೆಗ್ಯೋ ಹಾಗಿಲ್ಲ ಅಂದೆ.’

‘ಹನ್ನೊಂದು ವರ್ಷ ಯಾಕೋ ಹೇಳಲಿಲ್ಲ?’

‘ನೀವು ಕೇಳ್ಲಿಲ್ವಲ್ಲ!’

ಅವನಿಗೆ ಬೈಯಲು ಬಾಯಿ ತೆರೆದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀನೂ ಯಾಕೆ ಹೇಳಲಿಲ್ಲ ಅಂತ ಕೇಳುವುದಿಲ್ಲ. ಅಗುಳಿಯ ಆಚೆ ನಿಂತು ನೀನು ಏನು ಅಂದುಕೊಂಡಿರಬಹುದು ಅಂತ ಈಗ ಯೋಚಿಸಬಲ್ಲೆ. ನಾನು ಹಾಡುತ್ತಿದ್ದದ್ದು ನಿನಗೆ ಕೇಳಿಸಿರುತ್ತದೆ.

ಹಲಗೆ ಬಡಿಸಿದೆ. ‘ಹೆಣ ಇಲ್ಲ ಜೋಸಾಯ, ಸುಸ್ತಾದವಳೊಬ್ಬಳು ಬರ್ತಾಳೆ, ಅವಳಿಗೋಸ್ಕರ’ ಅಂದೆ. ಶಿಲುಬೆಯ ಗುರುತು ಮಾಡಿಕೊಂಡು ಬಡಿದ. ಈಗ ಈ ಮನೆಗೆ ಇರುವುದು ಒಂದೇ ಬಾಗಿಲು. ಮನೆಯವರಾಗಲಿ, ಅತಿಥಿಯಾಗಲಿ, ಬರುವವರೆಲ್ಲ ಮುಂದಿನ ಮೆಟ್ಟಿಲನ್ನೇ ಹತ್ತಬೇಕು. ನಾನೂ ಹಿತ್ತಲಿನಿಂದ ಸೌದೆ ಹೊತ್ತು, ಇಡೀ ಮನೆ ಸುತ್ತಿ, ಜಗಲಿ ಹತ್ತಿ ಒಳಗೆ ಹೋಗುತ್ತಿದ್ದೇನೆ. ಜೋಸಾಯನ ಹೆಂಡತಿ ಬೇಲಿಗೆ ಕುರ್ಚಿಯನ್ನೇ ತಂದು ಹಾಕಿಕೊಂಡಿದ್ದಾಳೆ.

ಆ ಪರದೆಗಳು ತಮ್ಮನ್ನು ತಾವೇ ಒಗೆದುಕೊಳ್ಳಲಿ. ಬಾ ಇಸ್ಮೇ.

ಡ್ರುಸಿಲಾ


ಬಾಸ್‌ಟೇರ್
ಮೇ 5, 1997

ಅಕ್ಕ,

ಮೇಲ್ವಿಚಾರಕಿಯ ಮುಂದೆ ಹೋಗಿ ನಿಂತೆ. ಅವಳೂ ನೀವಿಸ್‌ನವಳೇ, ಕಾಟನ್ ಗ್ರೌಂಡ್ ಕಡೆಯವಳು. ದೊಡ್ಡ ಸಂಭಾಷಣೆ ಕಟ್ಟಿಕೊಂಡು ಹೋಗಿದ್ದೆ, ಅಪ್ಪನ ಧಾಟಿಯಲ್ಲಿ. ಅವಳ ಮುಖ ಕಂಡ ಕೂಡಲೇ ಎಲ್ಲ ಹಾರಿಹೋಯಿತು. ‘ಊರಲ್ಲಿ ನಮ್ಮ ಅಕ್ಕ ಹಿತ್ತಲ ಬಾಗಿಲು ಮುಚ್ಚಿಸಿದ್ದಾಳೆ. ನಾನು ಹೋಗಬೇಕು’ ಅಂದೆ. ಅಷ್ಟೇ.

ಅವಳು ಎದ್ದು ನಿಂತುಬಿಟ್ಟಳು. ‘ಅಯ್ಯೋ ದೇವರೇ! ಹೋಗಿ ಇಸ್ಮೇಯಮ್ಮ, ಒಂದು ವಾರ ಹೋಗಿಬನ್ನಿ. ಯಾರು ಹೋದದ್ದು?’

‘ಯಾರೂ ಇನ್ನೂ ಹೋಗಿಲ್ಲ. ನಾನೇ ಹೋಗ್ತಾ ಇರೋದು’ ಅಂದೆ. ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ದುಃಖದಲ್ಲಿ ತಲೆ ಕೆಟ್ಟಿದೆ ಅಂದುಕೊಂಡಳೇನೋ. ನಾನು ಒಂದೂ ಸುಳ್ಳು ಹೇಳಲಿಲ್ಲ, ನೀನೇ ಸಾಕ್ಷಿ.

ಜೋಸಾಯ ಹೇಳಿದ್ದನ್ನು ಎಷ್ಟೋ ಸಲ ಓದಿದೆ. ಅದಕ್ಕೆ ಉತ್ತರ ಬರೆಯಲು ಕೂತೆ, ಕಾಗದ ಹರಿದೆ, ಮತ್ತೆ ಕೂತೆ. ಬಿಡು. ನೀನು ಹಾಡುತ್ತಿದ್ದದ್ದು ಕೇಳಿಸಿತ್ತು. ಚೆನ್ನಾಗಿ ಹಾಡುತ್ತಿದ್ದೆ.

ಶನಿವಾರ ಮಧ್ಯಾಹ್ನದ ಲಾಂಚು. ಬಾಜಾಭಜಂತ್ರಿ ಬೇಡ. ಚಹಾ ಸಾಕು.

ಇಸ್ಮೇ


ಬಾಸ್‌ಟೇರ್
ಮೇ 19, 1997

ಅಕ್ಕ,

ತಲುಪಿದೆ. ಗಾಳಿ ಎದುರಿಗಿತ್ತು, ಲಾಂಚಿನಲ್ಲಿ ಎಲ್ಲರೂ ವಾಂತಿ. ನಾನು ನೆಟ್ಟಗೆ ಕೂತಿದ್ದೆ.

ಇವತ್ತು ಬೆಳಿಗ್ಗೆ ಮೇಲ್ವಿಚಾರಕಿ ಮೆಲ್ಲಗೆ, ‘ಎಲ್ಲ ಸುಸೂತ್ರವಾಗಿ ಮುಗಿಯಿತಾ?’ ಅಂದಳು. ‘ಮುಗಿಯಿತಮ್ಮ’ ಅಂದೆ. ನನಗಾಗಿ ಪರದೆಗಳನ್ನು ಹಾಗೇ ಗುಡ್ಡೆ ಹಾಕಿಟ್ಟಿದ್ದಾರೆ. ಕೈ ಒದ್ದೆ, ಕಾಗದದ ಮೂಲೆಯೂ ಒದ್ದೆಯಾಗಿದೆ, ನೋಡು.

ರಜೆ ಅಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ನಾನು ಮಾಡಿದ್ದೇನು? ಚಾರ್ಲ್ಸ್‌ಟೌನಿನ ಬಿಸಿನೀರಿನ ಹೊಂಡದಲ್ಲಿ ನಿನ್ನ ಪಕ್ಕ ಕಾಲು ಇಳಿಬಿಟ್ಟು ಕೂತೆ. ನಿನ್ನ ಹೆಬ್ಬೆರಳೂ ನನ್ನದರ ಹಾಗೇ ಸೊಟ್ಟಗಾಗಿದೆ ಅಂತ ಕಂಡುಕೊಂಡೆ. ಜಗಲಿಯ ಕುರ್ಚಿಯಲ್ಲಿ ಕೂತು ನೀನು ತಂದ ನಿಂಬೆಹುಲ್ಲಿನ ಚಹಾ ಕುಡಿದೆ. ನೀನು ‘ಇನ್ನೇನಾದರೂ ಬೇಕೇ, ಶ್ರೀಮತಿ ಲಿಬರ್ಡ್?’ ಅಂದದ್ದಕ್ಕೆ ಚಹಾ ಮೂಗಿಗೆ ಹತ್ತಿತು. ಅಲ್ಲಿಂದ ನಮ್ಮ ಹೋಟೆಲು ಎಷ್ಟು ಚಿಕ್ಕದಾಗಿ ಕಾಣುತ್ತದೆ ಅಕ್ಕ! ಹೆಬ್ಬೆರಳಿಟ್ಟು ಮುಚ್ಚಿದೆ. ಮುಚ್ಚಿಹೋಯಿತು.

ಅಮ್ಮನ ಬಗ್ಗೆ ನಾವು ಮಾತಾಡಲಿಲ್ಲ. ಮಾತಾಡಬೇಕಾಗಿತ್ತೋ ಏನೋ. ನೀನು ಎರಡು ಸಲ ಶುರುಮಾಡಿದೆ, ನಾನು ಕೋತಿ ತೋರಿಸಿದೆ.

ದಿನಾ ಬೆಳಿಗ್ಗೆ ಕತ್ತಲಲ್ಲೇ ಎದ್ದು ಹಾಸಿಗೆ ಎಳೆದು ನುಣ್ಣಗೆ ಮಾಡುತ್ತಿದ್ದೆನಲ್ಲ, ನೀನು ಬಾಗಿಲಲ್ಲಿ ನಿಂತು ‘ಏಯ್ ಅತಿಥಿ! ಆ ಹಾಸು ಬಿಡೇ!’ ಅಂತ ಕೂಗುತ್ತಿದ್ದೆ. ಕೊನೆಯ ದಿನ ನೀನು ಕೂಗಲಿಲ್ಲ. ಗಮನಿಸಿದೆಯಾ? ಅವತ್ತು ಎದ್ದಾಗ ಬಿಸಿಲು ಕಾಲ ಮೇಲೆ ಬಂದಿತ್ತು. ಹಾಸಿಗೆಯತ್ತ ತಿರುಗಿದೆ. ಅಲ್ಲಿ ನಾನಿದ್ದೆ. ತಲೆ ಇಟ್ಟ ಗುಳಿ, ಮಂಡಿ ಮಡಚಿದ ಸುಕ್ಕು, ಎಲ್ಲ. ಎಷ್ಟು ಸಣ್ಣ ಹೆಂಗಸು! ಇವಳಾ ಅಷ್ಟು ಜೋರು ಕೂಗುವವಳು ಅನ್ನಿಸಿತು.

ಕೈ ಮುಂದಕ್ಕೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಹಾಗೇ ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದೆ.

ನಿನ್ನ ಮನೆ, ನಿನ್ನ ವ್ಯಾಪಾರ. ಮುಂದಿನ ಅತಿಥಿ ಬಂದಾಗ ಹಾಸು ಬದಲಿಸಲೇಬೇಕು, ನನಗೆ ಗೊತ್ತಿರದಿದ್ದರೆ ಇನ್ಯಾರಿಗೆ ಗೊತ್ತು. ಅಲ್ಲಿಯವರೆಗೆ ಮಾತ್ರ ಮುಟ್ಟಬೇಡ.

ನಿನ್ನ ತಂಗಿ,
ಇಸ್ಮೇ


ಜಿಂಜರ್‌ಲ್ಯಾಂಡ್
ಮೇ 28, 1997

ಇಸ್ಮೇ,

ಜೋಸಾಯ ಹಲಗೆ ಕಿತ್ತುಕೊಂಡು ಹೋದ. ಹಿತ್ತಲ ಬಾಗಿಲು ಮತ್ತೆ ತೆರೆದಿದೆ. ಸೌದೆ ಹೊತ್ತು ಮನೆ ಸುತ್ತಿ ಸುತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಅವನ ಹೆಂಡತಿಗೆ ಮಾತ್ರ ಬೇಜಾರು, ನೋಡಲು ಏನೂ ಉಳಿದಿಲ್ಲವಂತೆ. ಅಮ್ಮನ ಏಪ್ರನ್ ಅವಳಿಗೆ ಕೊಟ್ಟುಬಿಟ್ಟೆ. ನಿನಗಿನ್ನು ಅದು ಬೇಕಾಗುವುದಿಲ್ಲ. ಮೊಳೆ ಮಾತ್ರ ಗೋಡೆಯಲ್ಲಿದೆ.

ಮೊನ್ನೆ ಲಾಂಚಿನಿಂದ ಇಬ್ಬರು ಬಂದರು, ಗಂಡ ಹೆಂಡತಿ, ಮೂಗು ಬಿಸಿಲಿಗೆ ಕೆಂಪಾಗಿತ್ತು. ಕೈಯಲ್ಲಿ ನಿನ್ನ ಆ ‘ಒಂದೇ ರಜೆ, ಎರಡು ದ್ವೀಪ’ದ ಕಾಗದ. ಹಿಂದಿನ ಕೋಣೆ ತೋರಿಸಿದೆ. ಆಕೆಗೆ ಜಗಲಿಯ ಕಡೆಯದೇ ಬೇಕಂತೆ, ಕಡಲು ಕಾಣುವುದು. ಬಾಗಿಲ ಹಿಡಿಗೆ ಕೈ ಹಾಕಿದಳು.

‘ಅದು ಖಾಲಿಯಿಲ್ಲಮ್ಮ, ಮೆಲ್ಲಗೆ’ ಅಂದೆ. ‘ಒಳಗೆ ನನ್ನ ತಂಗಿ ಮಲಗಿದ್ದಾಳೆ.’

ನಿನ್ನ ಅಕ್ಕ,
ಡ್ರುಸಿಲಾ